ಚಿಪ್ ಅಲ್ಲ, ಬ್ಲೈಂಡ್ ಎಣಿಸಿ: ಮಲೆನಾಡಿನ ಹವ್ಯಾಸಿಗಳಿಗೆ ಟೂರ್ನಮೆಂಟ್ ಪೋಕರ್ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಗೋವಾಕ್ಕೆ ಹೋಗಿ ಪೋಕರ್ ಟೂರ್ನಮೆಂಟ್ ಆಡಿ ಬರುವವರ ದೂರು ಹೆಚ್ಚುಕಡಿಮೆ ಒಂದೇ: "ಮೂರು ಗಂಟೆ ಚೆನ್ನಾಗೇ ಆಡಿದೆ, ಆಮೇಲೆ ಎಲೆಯೇ ಬರಲಿಲ್ಲ." ಎಲೆ ಎಲ್ಲರಿಗೂ ಹಾಗೇ ಬರುತ್ತದೆ. ನಿಜವಾಗಿ ಆಗಿದ್ದು ಬೇರೆ. ಬ್ಲೈಂಡ್ (ಪ್ರತಿ ಸಲ ಎಲೆ ನೋಡುವ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಹಾಕುವ ಮೊತ್ತ, ಚಿಕ್ಕದು ಸ್ಮಾಲ್, ದೊಡ್ಡದು ಬಿಗ್) ಏರುತ್ತಾ ಹೋದಾಗ ಎದುರಿಗಿದ್ದ ಚಿಪ್‌ಗಳ ಬೆಲೆ ಕರಗಿತು, ಆದರೆ ಆಟಗಾರ ಮೊದಲ ಗಂಟೆಯಲ್ಲಿ ಹೇಗೆ ಆಡಿದ್ದನೋ ನಾಲ್ಕನೇ ಗಂಟೆಯಲ್ಲೂ ಹಾಗೇ ಆಡಿದ. ಈ ಮಾರ್ಗದರ್ಶಿ ಆ ಒಂದು ತಪ್ಪನ್ನು ತಿದ್ದುವುದಕ್ಕೆ. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಕೈಗೆ 2 ಎಲೆ, ಮೇಜಿನ ಮೇಲೆ 5 ಎಲೆ, ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ ಎಂಬಷ್ಟು ಗೊತ್ತಿದ್ದವರಿಗಾಗಿ ಬರೆದದ್ದು. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಏಳನೆಯದಕ್ಕೆ ನೇರವಾಗಿ ಹಾರಿದವರೇ ಆ ದೂರು ಹೊತ್ತು ವಾಪಸು ಬರುವವರು.

ಹಂತ 1: ಮೊದಲು ಗೆರೆ ಎಳೆದುಕೊಳ್ಳಿ

ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ದಾರಿ ಈಗಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ್ಯದ ಆಟ, ಅದೃಷ್ಟದ ಆಟ ಎಂಬ ಭೇದ ಮಾಡದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆಮೇಲೂ "ವಿದೇಶಿ ಆ್ಯಪ್, ಏನೂ ಆಗಲ್ಲ" ಎಂದು ಟೆಲಿಗ್ರಾಂನಲ್ಲಿ ಲಿಂಕ್ ಕಳಿಸುವವರಿದ್ದಾರೆ. ಅಲ್ಲಿ ಹಾಕಿದ ದುಡ್ಡು ವಾಪಸು ಬರದಿದ್ದರೆ ದೂರು ಕೊಡಲು ಜಾಗವಿಲ್ಲ. ಹಣವಿಲ್ಲದ ಅಭ್ಯಾಸದ ಆ್ಯಪ್‌ಗಳು ಸಾಕು.

ಮನೆಯಲ್ಲಿ, ತೋಟದ ಮನೆಯಲ್ಲಿ, ಲಾಡ್ಜ್ ರೂಮಿನಲ್ಲಿ ದುಡ್ಡಿಟ್ಟು ಆಡಬೇಡಿ. ಪೋಕರ್ ಕೌಶಲ್ಯದ ಆಟ ಎಂಬ ವಾದಕ್ಕೆ ಕೋರ್ಟಿನಲ್ಲಿ ಬೆಲೆಯಿರಬಹುದು. ಕರ್ನಾಟಕ ಪೊಲೀಸ್ ಕಾಯ್ದೆ 1963ರಡಿ ಕೇಸು ಹಾಕಿ ಠಾಣೆಯಲ್ಲಿ ಕೂರಿಸಿದ ರಾತ್ರಿ ಅದು ನೆರವಿಗೆ ಬರುವುದಿಲ್ಲ. ಚಹಾ-ತಿಂಡಿಯ ಹೆಸರಿನಲ್ಲಿ ತಲೆಗಿಷ್ಟು ವಸೂಲಿ ಮಾಡುವುದೂ ಬೇಡ. ಮನೆಯ ಆಟ ಅಂಕಗಳಿಗೆ ಮಾತ್ರ. ಹಣ ಕಟ್ಟಿ ಆಡುವುದಿದ್ದರೆ ಪರವಾನಗಿ ಇರುವ ಕಡೆ, ಅಂದರೆ ನಮಗೆ ಹತ್ತಿರದಲ್ಲಿ ಗೋವಾ.

ದುಡ್ಡಿನ ಗೆರೆಯನ್ನು ವರ್ಷಕ್ಕೊಮ್ಮೆ ಎಳೆಯಿರಿ. ಕಳೆದುಕೊಂಡರೂ ಮನೆ ಖರ್ಚು, ಮಕ್ಕಳ ಫೀಸು, ತೋಟದ ಕೂಲಿ ಯಾವುದಕ್ಕೂ ತಟ್ಟದ ಒಂದು ಮೊತ್ತವನ್ನು ಬೇರೆ ಖಾತೆಗೆ ಹಾಕಿ. ಅದು ಮುಗಿದರೆ ವರ್ಷ ಮುಗಿಯಿತು. ಅಡಿಕೆ ಮಾರಿದ ದುಡ್ಡು ಕೈಗೆ ಬಂದ ವಾರದಲ್ಲಿ ಈ ಮೊತ್ತ ನಿರ್ಧರಿಸಬಾರದು. ಆ ವಾರ ಎಲ್ಲರೂ ಶ್ರೀಮಂತರೇ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಟೂರ್ನಮೆಂಟ್‌ನಲ್ಲಿ ಸಾಮಾನ್ಯವಾಗಿ ಆಡಿದವರಲ್ಲಿ ಶೇ. 10ರಿಂದ 15 ಮಂದಿಗೆ ಮಾತ್ರ ಬಹುಮಾನ. ಪ್ರತಿ ಸಲವೂ ಶೇ. 15ರ ಅವಕಾಶ ಎಂದು ಹಿಡಿದರೂ ಸತತ 10 ಟೂರ್ನಮೆಂಟ್ ಬರಿಗೈಲಿ ಬರುವ ಸಾಧ್ಯತೆ ಸುಮಾರು ಶೇ. 20, ಸತತ 20 ಬರಿಗೈ ಆಗುವ ಸಾಧ್ಯತೆ ಶೇ. 4. ವರ್ಷಕ್ಕೆ ನಾಲ್ಕು ಆಡುವ ಹವ್ಯಾಸಿಗೆ ಎರಡೂವರೆ ವರ್ಷ ಏನೂ ಬರದಿರುವುದು ಅಪರೂಪದ ಸಂಗತಿಯೇನಲ್ಲ.

ಹಂತ 2: ಸಾಮಾನು ಹೊಂದಿಸುವುದು

ಕಾಗದದ ಇಸ್ಪೀಟು ಎಲೆ ಮಲೆನಾಡಿನ ಮಳೆಗಾಲಕ್ಕೆ ನಿಲ್ಲುವುದಿಲ್ಲ. ಜೂನ್ ಕಳೆಯುವುದರೊಳಗೆ ತೇವ ಹೀರಿ ಉಬ್ಬುತ್ತದೆ, ಒಂದಕ್ಕೊಂದು ಅಂಟುತ್ತದೆ, ಹಂಚುವಾಗ ಎರಡೆರಡು ಹೋಗುತ್ತದೆ. ಮೂಲೆ ಮಡಚಿದ ಎಕ್ಕ ಯಾರ ಕೈಲಿದೆ ಎಂದು ಇಡೀ ಮೇಜಿಗೆ ಗೊತ್ತಾಗುತ್ತದೆ. ಪೂರ್ತಿ ಪ್ಲಾಸ್ಟಿಕ್‌ನ ಎರಡು ಕಟ್ಟು ತನ್ನಿ, ಹಿಂಬದಿಯ ಬಣ್ಣ ಬೇರೆ ಬೇರೆ ಇರಲಿ. ಒಂದರಲ್ಲಿ ಆಟ ನಡೆಯುತ್ತಿರುವಾಗ ಇನ್ನೊಂದನ್ನು ಕಲೆಸಿಡಬಹುದು. ಗಂಟೆಗೆ ಐದಾರು ಕೈ (ಒಮ್ಮೆ ಎಲೆ ಹಂಚಿ ಮುಗಿಸುವ ಆಟ) ಹೆಚ್ಚು ಸಿಗುತ್ತವೆ. ಜೊತೆಗೆ ಕಟ್ಟಿನ ಕೆಳಗಿಡಲು ಒಂದು ಬಣ್ಣದ ಕಾರ್ಡು ಬೇಕು, ಇಲ್ಲದಿದ್ದರೆ ತಳದ ಎಲೆ ಪಕ್ಕದವರಿಗೆ ಕಾಣುತ್ತದೆ.

ಚಿಪ್ 300ರ ಸೆಟ್ ಸಾಕು. ತೀರಾ ಹಗುರದ ಪ್ಲಾಸ್ಟಿಕ್ ಬೇಡ, ಇಪ್ಪತ್ತು ಪೇರಿಸಿದರೆ ಜಾರುತ್ತವೆ. ಮೇಜಿಗೆ ದುಬಾರಿ ಹಾಸು ಬೇಕಿಲ್ಲ. ಊಟದ ಮೇಜಿನ ಮೇಲೆ ಕಂಬಳಿ ಹಾಸಿ, ಮೇಲೆ ಹತ್ತಿಯ ಬೆಡ್‌ಶೀಟನ್ನು ಬಿಗಿಯಾಗಿ ಎಳೆದು ಅಡಿಯಲ್ಲಿ ಪಿನ್ ಹಾಕಿದರೆ ಎಲೆ ಎತ್ತಲು ಸುಲಭ, ಚಿಪ್ ಸದ್ದೂ ಮಾಡದು. ಬ್ಲೈಂಡ್ ಏರಿಸುವ ಟೈಮರ್ ಫೋನಿನಲ್ಲಿರಲಿ, ಟಿವಿಗೆ ಜೋಡಿಸಿದರೆ ಕರೆಂಟ್ ಹೋದಾಗ ಯಾವ ಲೆವೆಲ್‌ನಲ್ಲಿದ್ದೆವು ಎಂದೇ ಜಗಳ. ಚಾರ್ಜ್ ಆಗಿರುವ ಲ್ಯಾಂಪ್ ಒಂದನ್ನು ಮೇಜಿನ ನಡುವೆ ತೂಗುಹಾಕಿಡಿ.

ಹಂತ 3: ಮನೆಯಲ್ಲಿ ಸರಿಯಾದ ಟೂರ್ನಮೆಂಟ್ ಕಟ್ಟುವುದು

ಅಭ್ಯಾಸದ ಆಟವೇ ತಪ್ಪು ಅಳತೆಯಲ್ಲಿದ್ದರೆ ಕಲಿತದ್ದೆಲ್ಲ ತಪ್ಪು. ಮನೆಗಳಲ್ಲಿ ನಡೆಯುವುದು ಎರಡು ತರದ ಎಡವಟ್ಟು. ಒಂದೋ ಬ್ಲೈಂಡ್ ಏರುವುದೇ ಇಲ್ಲ, ರಾತ್ರಿ ಎರಡಾದರೂ ಐದು ಜನ ಕೂತಿರುತ್ತಾರೆ. ಇಲ್ಲವೇ ಕೊಟ್ಟದ್ದೇ ಕಡಿಮೆ ಚಿಪ್, ಅರ್ಧ ಗಂಟೆಗೆ ಎಲ್ಲರೂ ಕಣ್ಣುಮುಚ್ಚಿ ಆಲ್-ಇನ್, ಅಂದರೆ ಇದ್ದ ಚಿಪ್ ಎಲ್ಲ ಒಮ್ಮೆಗೇ ಒಳಗೆ.

9 ಜನರಿಗೆ ಹೊಂದುವ ಅಳತೆ ಇದು. ಒಬ್ಬರಿಗೆ 5,000: 25ರ ಚಿಪ್ 8, 100ರದ್ದು 8, 500ರದ್ದು 4, 1,000ದ್ದು 2. ಒಬ್ಬರಿಗೆ 22 ಚಿಪ್, ಒಟ್ಟು 198. ಉಳಿದದ್ದರಲ್ಲಿ 100ರ ಚಿಪ್ 20 ಆದರೂ ಪಕ್ಕಕ್ಕಿಡಿ, ಆಮೇಲೆ ಬೇಕಾಗುತ್ತದೆ. ಬ್ಲೈಂಡ್ 25/50ರಿಂದ (ಸ್ಮಾಲ್ 25, ಬಿಗ್ 50) ಶುರು, ಪ್ರತಿ ಲೆವೆಲ್ 20 ನಿಮಿಷ. ಮೊದಲ ನಾಲ್ಕು ಲೆವೆಲ್: 25/50, 50/100, 75/150, 100/200. ಆಮೇಲೆ 10 ನಿಮಿಷ ವಿರಾಮ. ನಂತರ 200/400, 300/600, 400/800, 600/1,200, 800/1,600, 1,000/2,000.

ವಿರಾಮದಲ್ಲಿ 25ರ ಚಿಪ್‌ಗಳನ್ನೆಲ್ಲ ವಾಪಸು ತೆಗೆದುಕೊಂಡು 100ರದ್ದು ಕೊಡಿ. ಮುಂದೆ ಅವುಗಳಿಗೆ ಕೆಲಸವಿಲ್ಲ. ಎರಡೋ ಮೂರೋ ಮಿಕ್ಕವರಿಗೆ ಒಂದು 100 ಕೊಟ್ಟುಬಿಡಿ, ಒಂದೇ ಮಿಕ್ಕರೆ ಬಿಡಿ. ಐದನೇ ಲೆವೆಲ್‌ನಿಂದ ಆ್ಯಂಟಿ ಶುರುವಾಗಲಿ: ಬಿಗ್ ಬ್ಲೈಂಡ್‌ನಲ್ಲಿರುವವರೇ ಮೇಜಿನ ಎಲ್ಲರ ಪರವಾಗಿ ಇನ್ನೊಂದು ಬಿಗ್ ಬ್ಲೈಂಡ್‌ನಷ್ಟು ಹಾಕುವ ಪದ್ಧತಿ. ಈಗ ಹೆಚ್ಚಿನ ದೊಡ್ಡ ಟೂರ್ನಮೆಂಟ್‌ಗಳಲ್ಲೂ ಹೀಗೇ.

ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮೊದಲೇ ಹೇಳಬಹುದು. ಮೇಜಿನಲ್ಲಿರುವ ಒಟ್ಟು ಚಿಪ್ ಸುಮಾರು 20 ಬಿಗ್ ಬ್ಲೈಂಡ್‌ಗೆ ಇಳಿಯುವ ಹೊತ್ತಿಗೆ ಟೂರ್ನಮೆಂಟ್ ಮುಗಿದಿರುತ್ತದೆ. ಇಲ್ಲಿ ಒಟ್ಟು 45,000. ಅಂದರೆ 1,000/2,000ರ ಲೆವೆಲ್, ಶುರುವಾಗಿ ಮೂರೂವರೆ ಗಂಟೆ. ಜನ ಕಡಿಮೆಯಾದರೆ ಪಟ್ಟಿ ಬದಲಿಸಬೇಡಿ, ಬೇಗ ಮುಗಿಯುತ್ತದೆ ಅಷ್ಟೇ.

ದುಡ್ಡಿಲ್ಲದ ಆಟದಲ್ಲಿ ಜನ ಅಡ್ಡಾದಿಡ್ಡಿ ಆಲ್-ಇನ್ ಹೋಗುತ್ತಾರೆ. ಅದಕ್ಕೆ ಮದ್ದು ಸೀಸನ್ನಿನ ಅಂಕಪಟ್ಟಿ. ಗೆದ್ದವರಿಗೆ 50, ಎರಡನೆಯವರಿಗೆ 30, ಮೂರನೆಯವರಿಗೆ 20, ಉಳಿದವರಿಗೆ ಸೊನ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಂದು ಆಟ ಇಟ್ಟರೆ ಕೊನೆಕೊಯ್ಲು ಶುರುವಾಗುವ ಮೊದಲೇ ಸೀಸನ್ ಮುಗಿಯುತ್ತದೆ. ಮೊದಲು ಹೊರಬಿದ್ದವರು ಕೊನೆಯವರೆಗೆ ಎಲೆ ಹಂಚಬೇಕು ಎಂಬ ಕಟ್ಟಳೆಯೂ ಇರಲಿ. ಈ ಶಿಕ್ಷೆಗೆ ಹೆದರುವಷ್ಟು ಜನ ಅಂಕಕ್ಕೂ ಹೆದರುವುದಿಲ್ಲ.

ಬೇರೆ ಆಟದಿಂದ ಬಂದವರು ಎಡವುವ ಜಾಗಗಳನ್ನು ಮೊದಲ ದಿನವೇ ಹೇಳಿಬಿಡಿ. ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದು, ಪೋಕರ್‌ನಲ್ಲಿ ಒಂದೇ ಬಣ್ಣದ (ಐದೂ ಆಟೀನು ಎಂಬಂತೆ) ಐದು ಎಲೆ ಸಾಲಿಗಿಂತ ದೊಡ್ಡದು. ಎಕ್ಕ-ಎರಡು-ಮೂರು-ನಾಲ್ಕು-ಐದು ಇಲ್ಲಿ ಅತಿ ಚಿಕ್ಕ ಸಾಲು. ಇಪ್ಪತ್ತೆಂಟು ಆಡಿ ಬೆಳೆದವರಿಗೆ ಗುಲಾಮನೇ ದೊಡ್ಡವನು, ಇಲ್ಲಿ ಅವನು ರಾಣಿಗಿಂತ ಕೆಳಗೆ. ಮೂರು ಜೋಡಿ ಎಂಬುದಿಲ್ಲ, ಐದೇ ಎಲೆ ಲೆಕ್ಕ.

ಸೈಡ್ ಪಾಟ್ ಲೆಕ್ಕ ತಪ್ಪದ ಮನೆಯೇ ಇಲ್ಲ. ಒಬ್ಬರ ಬಳಿ 2,000, ಇನ್ನಿಬ್ಬರ ಬಳಿ ತಲಾ 5,000 ಇದ್ದು ಮೂವರೂ ಆಲ್-ಇನ್ ಆದರೆ ಮೊದಲ ಪಾಟ್ (ಗೆದ್ದವರಿಗೆ ಸೇರುವ ಚಿಪ್ ಗುಡ್ಡೆ) 2,000 x 3 = 6,000. ಇದಕ್ಕೆ ಮೂವರೂ ಹಕ್ಕುದಾರರು. ಉಳಿದ 3,000 x 2 = 6,000 ಎರಡನೇ ಪಾಟ್, ಇದು ಆ ಇಬ್ಬರ ನಡುವೆ. ಎರಡನೇ ಪಾಟನ್ನು ಮೊದಲು ತೀರ್ಮಾನಿಸಿ, ಆಮೇಲೆ ಮೊದಲನೆಯದು. ಚಿಪ್‌ಗಳನ್ನು ಭೌತಿಕವಾಗಿ ಎರಡು ಗುಡ್ಡೆ ಮಾಡದೆ ಬಾಯಿಲೆಕ್ಕ ಹಾಕಿದರೆ ಖಂಡಿತ ತಪ್ಪುತ್ತದೆ.

ಹಂತ 4: ಬ್ಲೈಂಡ್‌ನಲ್ಲಿ ಎಣಿಸುವ ಅಭ್ಯಾಸ

ಪ್ರತಿ ಕೈ ಶುರುವಾಗುವ ಮುಂಚೆ ನಿಮ್ಮ ಚಿಪ್ ಮೊತ್ತವನ್ನು ಬಿಗ್ ಬ್ಲೈಂಡ್‌ನಿಂದ ಭಾಗಿಸಿ. ಕೈಲಿ 6,000 ಇದ್ದು ಬ್ಲೈಂಡ್ 50/100 ಆದರೆ ನಿಮ್ಮದು 60. ಅದೇ 6,000 ಇದ್ದು 300/600 ಆದರೆ 10. ಚಿಪ್ ಅಷ್ಟೇ ಇದೆ, ಆದರೆ ಆಟ ಪೂರ್ತಿ ಬೇರೆ. ಎರಡು ತಿಂಗಳು ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ರೂಢಿ ಮಾಡಿ, ನಗುವವರು ನಗಲಿ.

ಒಂಬತ್ತು ಜನರ ಮೇಜಿನಲ್ಲಿ ಒಂದು ಸುತ್ತು ಸುಮ್ಮನೆ ಕೂತರೆ ಖರ್ಚಾಗುವುದು: ಸ್ಮಾಲ್ ಬ್ಲೈಂಡ್ ಅರ್ಧ, ಬಿಗ್ ಬ್ಲೈಂಡ್ ಒಂದು, ಆ್ಯಂಟಿ ಒಂದು, ಒಟ್ಟು ಎರಡೂವರೆ. 10 ಇದ್ದವರು ಎರಡು ಸುತ್ತು ಕಾದರೆ 5. ಅಷ್ಟರಲ್ಲಿ ಲೆವೆಲ್ ಏರಿದ್ದರೆ ಇನ್ನೂ ಕಡಿಮೆ. ಜೋಡಿ ಎಕ್ಕ ಬರುವುದು ಸರಾಸರಿ 221 ಕೈಗೆ ಒಮ್ಮೆ. ಡೀಲರ್ ಇರುವ ಮೇಜಿನಲ್ಲಿ ಗಂಟೆಗೆ 25ರಿಂದ 30 ಕೈ ನಡೆಯುತ್ತದೆ. ಎಂಟು ಗಂಟೆಗೊಮ್ಮೆ ಬರುವ ಎಲೆಗಾಗಿ ಕಾಯುವುದು ಆಟವಲ್ಲ.

40ಕ್ಕಿಂತ ಹೆಚ್ಚು ಇದ್ದಾಗ: ಅವಸರವಿಲ್ಲ. ಆಟಕ್ಕಿಳಿದರೆ ಬಿಗ್ ಬ್ಲೈಂಡ್‌ನ 2.2ರಿಂದ 2.5 ಪಟ್ಟು ರೈಸ್ ಮಾಡಿ (ಬೆಟ್ ಏರಿಸಿ) ಇಳಿಯಿರಿ, ಸುಮ್ಮನೆ ಬ್ಲೈಂಡ್‌ನಷ್ಟು ಹಾಕಿ ನುಸುಳಬೇಡಿ. ಚಿಕ್ಕ ಜೋಡಿಗಳಿಗೆ (2ರಿಂದ 6) ಕಾಲ್ ಮಾಡಿ (ಬೇರೆಯವರು ಏರಿಸಿದಷ್ಟನ್ನೇ ಹಾಕಿ) ಮೂರನೆಯದು ಬರುತ್ತದಾ ನೋಡಬಹುದು. ಫ್ಲಾಪ್‌ನಲ್ಲಿ (ಮೇಜಿನ ಮೊದಲ ಮೂರು ಎಲೆಗಳಲ್ಲಿ) ಬರುವ ಸಾಧ್ಯತೆ ಸುಮಾರು ಶೇ. 12. ಆದ್ದರಿಂದ ಕಾಲ್ ಮಾಡುವ ಮೊತ್ತದ 15-20 ಪಟ್ಟಾದರೂ ನಿಮ್ಮಿಬ್ಬರ ಬಳಿಯೂ ಉಳಿದಿರಬೇಕು. ಇಲ್ಲವಾದರೆ ಬಂದಾಗ ಸಿಗುವುದು ಬಾರದಾಗ ಹೋದದ್ದಕ್ಕೆ ಸಾಲದು.

20ರಿಂದ 40: ಇಲ್ಲಿಂದ ಕಾಲ್ ಮಾಡುವ ಚಟ ಬಿಡಬೇಕು. ರೈಸ್ 2ರಿಂದ 2.2 ಪಟ್ಟು ಸಾಕು. ಯಾರಾದರೂ ಮೊದಲೇ ರೈಸ್ ಮಾಡಿದ್ದರೆ ನಿಮ್ಮ ಉತ್ತರ ಹೆಚ್ಚಾಗಿ ಮತ್ತೊಂದು ರೈಸ್ ಇಲ್ಲವೇ ಪ್ಯಾಕ್, ಅಂದರೆ ಎಲೆ ಬಿಟ್ಟುಕೊಡುವುದು. ಒಂದೇ ಬಣ್ಣದ 7-8 ನೋಡಲು ಚೆಂದ, ಆದರೆ 25 ಬ್ಲೈಂಡ್ ಇದ್ದಾಗ ಅದಕ್ಕೆ ಕಾಲ್ ಮಾಡುತ್ತಾ ಹೋದವರೇ ಮೂರನೇ ಗಂಟೆಗೆ 12ಕ್ಕೆ ಬಂದು ನಿಲ್ಲುತ್ತಾರೆ.

12ರಿಂದ 20: ಹವ್ಯಾಸಿಗಳು ಬಳಸದೇ ಬಿಡುವ ಜಾಗ ಇದು. ಬಟನ್‌ನಲ್ಲಿರುವವರು (ಎರಡು ಬ್ಲೈಂಡ್‌ಗಳಿಗೆ ತಕ್ಷಣ ಮುಂಚಿನ ಸ್ಥಾನದವರು) 2.2 ರೈಸ್ ಮಾಡಿದ್ದಾರೆ ಎನ್ನಿ. ಬ್ಲೈಂಡ್‌ಗಳು ಒಂದೂವರೆ, ಆ್ಯಂಟಿ ಒಂದು. ಪಾಟ್‌ನಲ್ಲಿ ಆಗಲೇ 4.7. ನಿಮ್ಮ 15ನ್ನೂ ಮುಂದೆ ತಳ್ಳಿದಿರಿ, ಅವರು ಪ್ಯಾಕ್ ಆದರು: ಎಲೆ ತೋರಿಸದೆಯೇ ನಿಮ್ಮ ಮೊತ್ತದ ಮೂರನೇ ಒಂದು ಭಾಗದಷ್ಟು ಸಿಕ್ಕಿತು. ಮಧ್ಯಮ ಜೋಡಿ, ಎಕ್ಕ-ಹತ್ತು, ಒಂದೇ ಬಣ್ಣದ ಎಕ್ಕ-ಐದು, ರಾಜ-ರಾಣಿ ಇಂಥವು ಇದಕ್ಕೆ ಹೊಂದುತ್ತವೆ. ಎದುರಿನವರು ಬಹಳ ಕೈಗೆ ರೈಸ್ ಮಾಡುವವರಾಗಿರಬೇಕು. ಬೆಳಗ್ಗಿಂದ ಎರಡೇ ಕೈ ಆಡಿದ ಹಿರಿಯರ ಮೇಲೆ ಈ ಪ್ರಯೋಗ ಬೇಡ.

12ಕ್ಕಿಂತ ಕಡಿಮೆ: ಆಲ್-ಇನ್ ಇಲ್ಲವೇ ಪ್ಯಾಕ್, ನಡುವೆ ಇನ್ನೊಂದಿಲ್ಲ. 10 ಇದ್ದಾಗ 3 ರೈಸ್ ಮಾಡಿ, ಎದುರಿನವರು ಆಲ್-ಇನ್ ಎಂದಾಗ ಬಿಟ್ಟುಕೊಟ್ಟರೆ ಮೂರನೇ ಒಂದರಷ್ಟು ಸುಮ್ಮನೆ ಹೋಯಿತು. ಸುಮಾರು 10 ಬ್ಲೈಂಡ್‌ಗೆ, ನಿಮಗಿಂತ ಮುಂಚೆ ಎಲ್ಲರೂ ಪ್ಯಾಕ್ ಆಗಿದ್ದರೆ: ಮೊದಲ ಸ್ಥಾನದಿಂದ ಆರರ ಜೋಡಿ ಮತ್ತು ಮೇಲಿನವು, ಎಕ್ಕ-ಗುಲಾಮ ಮತ್ತು ಮೇಲಿನವು, ಒಂದೇ ಬಣ್ಣವಾದರೆ ಎಕ್ಕ-ಹತ್ತು ಹಾಗೂ ರಾಜ-ರಾಣಿ. ಬಟನ್‌ನಲ್ಲಿದ್ದರೆ ಯಾವುದೇ ಜೋಡಿ, ಯಾವುದೇ ಎಕ್ಕ, ರಾಜ-ಒಂಬತ್ತು ಮತ್ತು ಮೇಲಿನವು, ರಾಣಿ-ಹತ್ತು, ಒಂದೇ ಬಣ್ಣದ ಗುಲಾಮ-ಹತ್ತು. ಎಕ್ಕ-ಎರಡಕ್ಕೆ ಆಲ್-ಇನ್ ಹೇಳಲು ಬಾಯಿ ಬಾರದಿರುವುದು ಸಹಜ. ಆದರೆ ಹಿಂದೆ ಇಬ್ಬರೇ ಇದ್ದಾರೆ, ಅವರು ಬಿಟ್ಟರೆ ಎರಡೂವರೆ ಬ್ಲೈಂಡ್ ನಿಮ್ಮದು, ಅಂದರೆ ಕಾಲು ಭಾಗ ಏರಿಕೆ.

5ಕ್ಕಿಂತ ಕೆಳಗಿಳಿದ ಮೇಲೆ ನೀವು ತಳ್ಳಿದರೂ ಯಾರೂ ಹೆದರುವುದಿಲ್ಲ, ದುಪ್ಪಟ್ಟಾದರೂ ಹತ್ತಕ್ಕೇ ವಾಪಸು. ಹತ್ತರಲ್ಲಿದ್ದಾಗ ಮಾಡಬೇಕಾದ್ದನ್ನು ಐದಕ್ಕೆ ಬಂದ ಮೇಲೆ ಮಾಡುವುದೇ "ಎಲೆ ಬರಲಿಲ್ಲ" ಎಂಬ ದೂರಿನ ಮೂಲ.

ಹಂತ 5: ಕಾಲ್ ಮಾಡುವ ಮುನ್ನ ಎರಡು ಲೆಕ್ಕ

ಪಾಟ್‌ನಲ್ಲಿ ಎದುರಿನವರ ಬೆಟ್ ಸೇರಿ 3,000 ಇದೆ, ನೀವು ಹಾಕಬೇಕಾದ್ದು 1,000. ಹಾಕಿದ ಮೇಲೆ ಒಟ್ಟು 4,000, ಅದರಲ್ಲಿ ನಿಮ್ಮದು ಕಾಲು. ಗೆಲ್ಲುವ ಸಾಧ್ಯತೆ ಶೇ. 25ಕ್ಕಿಂತ ಹೆಚ್ಚಿದ್ದರೆ ಕಾಲ್ ಲಾಭ.

ಸಾಧ್ಯತೆ ಅಂದಾಜಿಗೆ: ನಿಮ್ಮನ್ನು ಗೆಲ್ಲಿಸುವ ಎಲೆಗಳನ್ನು ಎಣಿಸಿ, ಇನ್ನೊಂದೇ ಎಲೆ ನೋಡುವುದಾದರೆ 2ರಿಂದ, ಆಲ್-ಇನ್ ಆಗಿ ಎರಡೂ ಎಲೆ ನೋಡುವುದಾದರೆ 4ರಿಂದ ಗುಣಿಸಿ. ನಾಲ್ಕು ಆಟೀನು ಸೇರಿ ಐದನೆಯದಕ್ಕೆ ಕಾಯುತ್ತಿದ್ದರೆ 9 ಎಲೆ: ಒಂದಕ್ಕೆ ಸುಮಾರು ಶೇ. 19, ಎರಡಕ್ಕೆ ಶೇ. 35. ಎರಡೂ ತುದಿ ತೆರೆದ ಸಾಲಾದರೆ 8 ಎಲೆ, ಶೇ. 17 ಮತ್ತು 31. ಇಲ್ಲಿ ಎಲ್ಲರೂ ಮಾಡುವ ತಪ್ಪು, ಫ್ಲಾಪ್‌ನಲ್ಲಿ ಶೇ. 35 ಎಂದುಕೊಂಡು ಕಾಲ್ ಮಾಡಿ, ಟರ್ನ್‌ನಲ್ಲಿ (ಮೇಜಿನ ನಾಲ್ಕನೇ ಎಲೆಗೆ) ಮತ್ತೆ ಬೆಟ್ ಬಂದಾಗ ಬಿಡುವುದು. ಒಂದೇ ಎಲೆ ನೋಡಿದ್ದಕ್ಕೆ ಎರಡೆಲೆಯ ಬೆಲೆ ತೆತ್ತಂತಾಯಿತು.

ಹಂತ 6: ಬಹುಮಾನ ಹತ್ತಿರವಾದಾಗ ಚಿಪ್‌ನ ಬೆಲೆ ಬದಲಾಗುತ್ತದೆ

ಟೂರ್ನಮೆಂಟ್‌ನಲ್ಲಿ ಚಿಪ್ ದುಡ್ಡಲ್ಲ. ದುಪ್ಪಟ್ಟು ಚಿಪ್ ಇದ್ದರೆ ದುಪ್ಪಟ್ಟು ಬಹುಮಾನ ಸಿಗುವುದಿಲ್ಲ, ಆದರೆ ಎಲ್ಲ ಚಿಪ್ ಹೋದರೆ ಎಲ್ಲವೂ ಹೋಯಿತು. ಇದನ್ನು ಅಳೆಯುವ ಲೆಕ್ಕಕ್ಕೆ ಐಸಿಎಂ ಎನ್ನುತ್ತಾರೆ. ಮನೆಯ ಅಂಕಪಟ್ಟಿಯನ್ನು 50-30-20 ಇಟ್ಟುಕೊಂಡದ್ದು ಇದನ್ನು ಅಲ್ಲೇ ಕಲಿಯಲಿ ಎಂದೇ.

ಮೂವರು ಉಳಿದಿದ್ದಾರೆ. ಮೊದಲನೆಯವರ ಬಳಿ 5,000, ಎರಡನೆಯವರ ಬಳಿ 3,000, ಮೂರನೆಯವರ ಬಳಿ 2,000. ಗೆಲ್ಲುವ ಸಾಧ್ಯತೆ ಚಿಪ್‌ನ ಪಾಲಿನಷ್ಟೇ ಎಂದಿಟ್ಟುಕೊಳ್ಳಿ: 50, 30, 20. ಎರಡನೇ ಸ್ಥಾನದ ಸಾಧ್ಯತೆಗೆ, ಗೆದ್ದವರನ್ನು ತೆಗೆದು ಉಳಿದ ಇಬ್ಬರ ನಡುವೆ ಮತ್ತೆ ಅದೇ ಪಾಲು ಹಾಕಿ. ಲೆಕ್ಕ ಮುಗಿದಾಗ ಮೂವರ ಪಾಲಿನ ಅಂಕ: 38.4, 32.8, 28.9. ಅರ್ಧ ಚಿಪ್ ಇದ್ದವರಿಗೆ ಅರ್ಧ ಬಹುಮಾನವಿಲ್ಲ. ಐದನೇ ಒಂದು ಚಿಪ್ ಇದ್ದವರಿಗೆ ಅದಕ್ಕಿಂತ ಬಹಳ ಹೆಚ್ಚಿದೆ.

ಈಗ 5,000ದವರು ಆಲ್-ಇನ್ ಎಂದರು, 3,000ದವರು ನೀವು. ಬ್ಲೈಂಡ್ ಬದಿಗಿಡೋಣ. ಬಿಟ್ಟರೆ ನಿಮ್ಮ ಪಾಲು 32.8. ಕಾಲ್ ಮಾಡಿ ಸೋತರೆ ಮೂರನೇ ಸ್ಥಾನ, 20. ಗೆದ್ದರೆ ನಿಮ್ಮದು 6,000, ಉಳಿದಿಬ್ಬರದು ತಲಾ 2,000. ಆಗ ನಿಮ್ಮ ಪಾಲು 41. ಸೋಲಿನಲ್ಲಿ ಹೋಗುವುದು ಹನ್ನೆರಡೂ ಮುಕ್ಕಾಲು, ಗೆಲುವಿನಲ್ಲಿ ಬರುವುದು ಎಂಟೂಕಾಲು. ಕಾಲ್ ಸರಿಯಾಗಲು ನೀವು ಸುಮಾರು ಶೇ. 61 ಗೆಲ್ಲಬೇಕು. ಎದುರಿನವರ ಕೈಲಿ ಎಕ್ಕ-ರಾಜ ಇದೆ ಎಂದು ಖಚಿತವಾಗಿ ಗೊತ್ತಿದ್ದರೆ ನಿಮ್ಮ ರಾಣಿ ಜೋಡಿಗೂ ಅಷ್ಟು ಬಲವಿಲ್ಲ, ಅದು ಶೇ. 57ರ ಆಸುಪಾಸು. ಅವರು ಸಿಕ್ಕಸಿಕ್ಕ ಎಲೆಗೆಲ್ಲ ತಳ್ಳುವವರಾದರೆ ರಾಣಿ ಜೋಡಿ ಹಾಯಾಗಿ ದಾಟುತ್ತದೆ, ಎಕ್ಕ-ಹತ್ತು ಆಗಲೂ ಅನುಮಾನ.

ಇದರಿಂದ ಹೊರಡುವ ರೂಢಿ: ಬಹುಮಾನದ ಗಡಿಯಲ್ಲಿ, ಅಂದರೆ ಬಬಲ್‌ನಲ್ಲಿ, ತಳ್ಳುವವರಾಗಿರಿ, ಕಾಲ್ ಮಾಡುವವರಾಗಬೇಡಿ. ತಳ್ಳಿದವರಿಗೆ ಗೆಲ್ಲಲು ಎರಡು ದಾರಿ, ಕಾಲ್ ಮಾಡಿದವರಿಗೆ ಒಂದೇ. ನಿಮಗಿಂತ ಹೆಚ್ಚು ಚಿಪ್ ಇರುವವರಿಂದ ದೂರವಿರಿ, ಮಧ್ಯಮದವರನ್ನು ಒತ್ತಿ. ಅತಿ ಕಡಿಮೆ ಇರುವವರನ್ನು ಒತ್ತಿ ಉಪಯೋಗವಿಲ್ಲ, ಅವರು ಹೇಗೂ ಕಾಲ್ ಮಾಡುತ್ತಾರೆ. ಪಕ್ಕದ ಮೇಜಿನಲ್ಲಿ ಎರಡು ಬ್ಲೈಂಡ್ ಇಟ್ಟುಕೊಂಡು ಕೂತವರಿದ್ದರೆ ನಿಮ್ಮ 14ನ್ನು ಅವಸರದಲ್ಲಿ ಕಾಲ್ ಮಾಡಿ ಕಳೆಯುವುದು ದೊಡ್ಡ ದಡ್ಡತನ.

ಹಂತ 7: ಟೂರ್ನಮೆಂಟ್ ಆಯ್ಕೆ ಮತ್ತು ಪ್ರಯಾಣ

ಬಹುಮಾನದ ಮೊತ್ತ ನೋಡಿ ಹೊರಡಬೇಡಿ. ಮೊದಲು ಬ್ಲೈಂಡ್ ಪಟ್ಟಿ ತರಿಸಿಕೊಂಡು ಮೂರು ಅಂಶ ನೋಡಿ. ಒಂದು, ಶುರುವಿನ ಚಿಪ್ ಎಷ್ಟು ಬ್ಲೈಂಡ್: 25,000 ಕೊಟ್ಟು 100/200ರಿಂದ ಶುರುವಾದರೆ 125, ಚೆನ್ನಾಗಿದೆ. ಎರಡು, ಲೆವೆಲ್ ಎಷ್ಟು ನಿಮಿಷ: 30 ಇದ್ದರೆ ಆಟ ಕಲಿಯಬಹುದು, 15 ಆದರೆ ಎರಡು ಗಂಟೆಯಲ್ಲಿ ಎಲ್ಲರೂ ಆಲ್-ಇನ್. ಮೂರು, ತಡವಾಗಿ ಸೇರಲು ಎಲ್ಲಿಯವರೆಗೆ ಅವಕಾಶ: 600/1,200ರವರೆಗೆ ಇದ್ದರೆ ಕೊನೆಗೆ ಸೇರುವವರಿಗೆ ಸಿಗುವುದು 20 ಬ್ಲೈಂಡ್ ಮಾತ್ರ. ಪೂರ್ತಿ ಫೀಸು ಕೊಟ್ಟು ನಾಲ್ಕನೇ ಹಂತದ ಮೂರನೇ ವಲಯದಿಂದ ಆಟ ಶುರು ಮಾಡಿದಂತೆ. ಫೀಸಿನಲ್ಲಿ ಬಹುಮಾನಕ್ಕೆ ಹೋಗುವುದೆಷ್ಟು, ಆಯೋಜಕರಿಗೆ ಹೋಗುವುದೆಷ್ಟು ಎಂಬುದನ್ನೂ ಕೇಳಿ.

ಹೊರಬಿದ್ದರೆ ಮತ್ತೆ ಫೀಸು ಕಟ್ಟಿ ಸೇರುವುದು ಎಷ್ಟು ಸಲ ಎಂದು ಮನೆಯಲ್ಲೇ ತೀರ್ಮಾನಿಸಿ. ಹವ್ಯಾಸಿಗೆ ಒಂದು, ಅಷ್ಟೇ. ಬಸ್ಸು, ಎರಡು ರಾತ್ರಿ ರೂಮು, ಊಟ, ಎರಡು ಫೀಸು ಸೇರಿ ಒಂದು ಪ್ರವಾಸ ಒಂದು ಫೀಸಿನ ಮೂರು ಪಟ್ಟು ಆಗುತ್ತದೆ ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ.

ಶಿವಮೊಗ್ಗ, ಸಾಗರದವರಿಗೆ ಸರಳ ದಾರಿ ತಾಳಗುಪ್ಪ, ಗೇರುಸೊಪ್ಪೆ ಮೂಲಕ ಹೊನ್ನಾವರಕ್ಕಿಳಿದು ಅಲ್ಲಿಂದ ಕೊಂಕಣ ರೈಲಿನಲ್ಲಿ ಮಡಗಾಂವ್, ಇಲ್ಲವೇ ಕಾರವಾರದ ಮೇಲೆ ರಸ್ತೆ. ತೀರ್ಥಹಳ್ಳಿ, ಕೊಪ್ಪದವರು ಆಗುಂಬೆ ಇಳಿದು ಉಡುಪಿಯಲ್ಲಿ ರೈಲು ಹತ್ತಬಹುದು. ಮಳೆಗಾಲದಲ್ಲಿ ಕೊಂಕಣ ರೈಲಿಗೆ ಬೇರೆಯೇ ವೇಳಾಪಟ್ಟಿ, ಘಾಟಿಯಲ್ಲಿ ಮರ ಬೀಳುವುದು, ಗುಡ್ಡ ಜರಿಯುವುದು ಇದ್ದದ್ದೇ. ಆಟದ ಹಿಂದಿನ ದಿನವೇ ತಲುಪಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಮಧ್ಯಾಹ್ನ ಮೇಜಿಗೆ ಹೋದರೆ ಆಟ ನಿರ್ಣಾಯಕವಾಗುವ ರಾತ್ರಿ ಹನ್ನೊಂದರ ಹೊತ್ತಿಗೆ ಭಾಗಾಕಾರವೂ ಬರುವುದಿಲ್ಲ.

ಗೋವಾದ ಕ್ಯಾಸಿನೊ ಪ್ರವೇಶಕ್ಕೆ 21 ತುಂಬಿರಬೇಕು. ಮೂಲ ಗುರುತಿನ ಚೀಟಿ, ಪ್ಯಾನ್ ಕಾರ್ಡ್ ಒಯ್ಯಿರಿ. ಕ್ಯಾಸಿನೊ ಪ್ರವೇಶ ಶುಲ್ಕ ಟೂರ್ನಮೆಂಟ್ ಫೀಸಿನಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ. ಎಸಿ ಜೋರಿರುತ್ತದೆ, ಸ್ವೆಟರ್ ಇರಲಿ. ಮುಖ್ಯವಾಗಿ, ಹೊರಬಿದ್ದ ತಕ್ಷಣ ಕಟ್ಟಡದಿಂದಲೇ ಹೊರಗೆ ಬನ್ನಿ. ಟೂರ್ನಮೆಂಟ್‌ನಲ್ಲಿ ಹೋದದ್ದಕ್ಕಿಂತ ಆಮೇಲೆ ರೂಲೆಟ್ ಮುಂದೆ ಹೋದ ದುಡ್ಡೇ ಹೆಚ್ಚು ಎಂಬವರು ಕಡಿಮೆಯಿಲ್ಲ.

ಹಂತ 8: ಮೇಜಿನ ಮೇಲಿನ ನಿಯಮಗಳು

ಮನೆಯ ಆಟದಲ್ಲಿ ನಡೆಯುವ ಸಡಿಲಿಕೆ ಅಲ್ಲಿ ದುಬಾರಿ. ಬಾಯಿಂದ ಬಂದದ್ದೇ ಅಂತಿಮ: "ಕಾಲ್" ಎಂದರೆ ಕಾಲ್, ಕೈ ಹಿಂದೆಗೆದರೂ ಅಷ್ಟೇ. ಏನೂ ಹೇಳದೆ ಒಂದೇ ದೊಡ್ಡ ಚಿಪ್ ಹಾಕಿದರೆ ಅದು ಕಾಲ್. 100/200ರಲ್ಲಿ 1,000ದ ಚಿಪ್ ಹಾಕಿ "ರೈಸ್ ಮಾಡಿದ್ದೆ" ಎಂದು ಆಮೇಲೆ ಹೇಳಿದರೆ ಡೀಲರ್ 800 ವಾಪಸು ಕೊಡುತ್ತಾರೆ. ಆದ್ದರಿಂದ ಮೊದಲು ಮೊತ್ತ ಹೇಳಿ, ಆಮೇಲೆ ಚಿಪ್ ಮುಟ್ಟಿ. ಎರಡು ಕಂತಿನಲ್ಲಿ ಚಿಪ್ ಇಡುವಂತಿಲ್ಲ.

ಮತ್ತೆ ರೈಸ್ ಮಾಡುವಾಗ ಹಿಂದಿನ ಏರಿಕೆಯಷ್ಟಾದರೂ ಏರಿಸಬೇಕು. 200ರ ಬ್ಲೈಂಡನ್ನು ಯಾರಾದರೂ 500ಕ್ಕೆ ಒಯ್ದಿದ್ದರೆ ಏರಿಕೆ 300, ನಿಮ್ಮದು ಕನಿಷ್ಠ 800.

ನಿಮ್ಮ ಎಲೆಗಳ ಮೇಲೆ ಸದಾ ಒಂದು ಚಿಪ್ ಇಡಿ, ಡೀಲರ್ ತಪ್ಪಿ ಎಳೆದುಕೊಂಡರೆ ಕೈ ಸತ್ತಂತೆಯೇ. ಎಲೆಯನ್ನು ಮೇಜಿನ ಮೇಲೇ ಮೂಲೆ ಎತ್ತಿ ನೋಡಿ. ತೀನ್ ಪತ್ತಿಯಂತೆ ಮುಖದ ಹತ್ತಿರ ತಂದು ಉಜ್ಜುತ್ತಾ ನೋಡುವವರ ಎಲೆ ಪಕ್ಕದವರೂ ನೋಡುತ್ತಾರೆ. ಕೈ ನಡೆಯುತ್ತಿರುವಾಗ ಜೊತೆಗೆ ಬಂದ ಗೆಳೆಯನೊಂದಿಗೆ ಕನ್ನಡದಲ್ಲಿ ಮಾತು ಬೇಡ. ಏನು ಮಾತಾಡಿದಿರಿ ಎಂದು ತಿಳಿಯದ ಮೇಜಿಗೆ ಅದು ಒಳಸಂಚು, ಎಚ್ಚರಿಕೆಯೋ ದಂಡವೋ ಖಚಿತ. ಅನುಮಾನ ಬಂದರೆ ಡೀಲರ್ ಜೊತೆ ವಾದ ಬೇಡ, "ಫ್ಲೋರ್" ಎಂದು ಮೇಲ್ವಿಚಾರಕರನ್ನು ಕರೆಯಿರಿ.

ಹಂತ 9: ಲೆಕ್ಕದ ಪುಸ್ತಕ ಮತ್ತು ಅಪಾಯದ ಗುರುತು

ವಿರಾಮ ಬಂದಾಗಲೆಲ್ಲ ಫೋನಿನಲ್ಲಿ ಎರಡು ಸಾಲು ಬರೆಯಿರಿ: ಯಾವ ಲೆವೆಲ್, ನಿಮ್ಮ ಬಳಿ ಎಷ್ಟು ಬ್ಲೈಂಡ್, ದೊಡ್ಡದೊಂದು ಕೈ. ಹೊರಬಿದ್ದ ಕೈಯನ್ನು ಪೂರ್ತಿ ಬರೆಯಿರಿ: ಸ್ಥಾನ, ಇಬ್ಬರ ಬ್ಲೈಂಡ್ ಸಂಖ್ಯೆ, ಎಲೆ. ಆರೇಳು ಟೂರ್ನಮೆಂಟ್ ಕಳೆದ ಮೇಲೆ ತೆರೆದು ನೋಡಿ. 10ಕ್ಕಿಂತ ಕಡಿಮೆ ಇದ್ದಾಗ ತಳ್ಳದೆ ಬಿಟ್ಟ ಕೈಗಳೇ ಹೆಚ್ಚಿದ್ದರೆ ನಾಲ್ಕನೇ ಹಂತಕ್ಕೆ ಮರಳಿ. 25-30 ಇದ್ದಾಗ ಕಾಲ್ ಮಾಡಿ ಹೋದದ್ದೇ ಹೆಚ್ಚಾದರೆ ಮನೆಯಾಟದಲ್ಲಿ ಒಂದು ಸೀಸನ್ ಕಾಲ್ ಮಾಡುವುದನ್ನೇ ನಿಲ್ಲಿಸಿ ನೋಡಿ.

ದುಡ್ಡಿನ ಪುಟ ಬೇರೆ ಇರಲಿ, ಪ್ರಯಾಣವೂ ಸೇರಲಿ. ಈ ಪುಟವನ್ನು ಮನೆಯವರಿಗೆ ತೋರಿಸಲು ಹಿಂಜರಿಕೆ ಶುರುವಾದರೆ ಅದು ಮೊದಲ ಗುರುತು. ವರ್ಷದ ಖಾತೆ ಬಿಟ್ಟು ಬೇರೆಡೆಯಿಂದ ದುಡ್ಡು ತೆಗೆಯುವುದು, ಕೈಸಾಲ ಮಾಡುವುದು, ಸೋತ ರಾತ್ರಿಯೇ ಮುಂದಿನ ಟಿಕೆಟ್ ಬುಕ್ ಮಾಡುವುದು, ನಿಷೇಧಿತ ಆ್ಯಪ್ ಹುಡುಕುವುದು, ಇವು ನಂತರದವು. ಇಲ್ಲಿಗೆ ಬಂದಿದ್ದರೆ ಆಟದ ತಂತ್ರ ಸುಧಾರಿಸಿ ಪ್ರಯೋಜನವಿಲ್ಲ, ಆಟ ನಿಲ್ಲಿಸಿ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ. ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಗೆದ್ದರೆ ತೆರಿಗೆಯ ಲೆಕ್ಕ ಅಂದೇ ಬರೆದಿಡಿ. ಗೆಲುವಿಗೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್, ಒಟ್ಟು ಶೇ. 31.2. ವರ್ಷವಿಡೀ ಕಟ್ಟಿದ ಫೀಸು, ಪ್ರಯಾಣದ ಖರ್ಚು ಯಾವುದನ್ನೂ ಇದರಿಂದ ಕಳೆಯುವಂತಿಲ್ಲ, ಬೇರೆ ಆದಾಯ ಕಡಿಮೆಯಿದೆ ಎಂದು ವಿನಾಯಿತಿಯೂ ಇಲ್ಲ. 1,00,000 ಗೆದ್ದರೆ ಕೈಗುಳಿಯುವುದು 68,800. ಆಯೋಜಕರು ಮೂಲದಲ್ಲೇ ಕಡಿತ ಮಾಡಿದ್ದರೆ ಪ್ರಮಾಣಪತ್ರ ಕೇಳಿ ಪಡೆಯಿರಿ, ಆ ಮೊತ್ತ ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಂಡು, ರಿಟರ್ನ್ ಸಲ್ಲಿಸುವಾಗ ಇತರ ಮೂಲಗಳ ಆದಾಯದಡಿ ತೋರಿಸಿ. ಸೆಸ್ ಮೂಲದಲ್ಲಿ ಕಡಿತವಾಗಿರದಿದ್ದರೆ ಆಗ ಕಟ್ಟಬೇಕಾಗುತ್ತದೆ, ಅಷ್ಟನ್ನು ಖರ್ಚು ಮಾಡದೆ ಎತ್ತಿಡಿ.